ಬೆರಕೆ ಎಂಬ ಬೈಗುಳ

ನಮ್ಮ ಜನರ ಬಾಯಲ್ಲಿ ‘ಬೆರಕೆ’ ಎಂಬ ಮಾತು ಹೊಗಳಿಕೆಯಾಗಿ ಬಂದುದನ್ನು ಕೇಳಿದವರುಂಟೆ? ಬೆರಕೆ ತುಪ್ಪ, ಬೆರಕೆ ಎಣ್ಣೆ, ಬೆರಕೆ ಹಾಲು, ಬೆರಕೆ ಜನ—ಎಲ್ಲಿ ಸೇರಿಸಿದರೂ ಅದು ಬೈಗುಳವೇ. ಬೆರಕೆ ಸೊಪ್ಪಿನ ಸಾರಿಗೆ ಮಾತ್ರ ಅದೇನೋ ರಿಯಾಯಿತಿ ದೊರೆತಿದೆ. ಈ ಮಾತಿನ ಇಂಗ್ಲಿಷ್ ತಮ್ಮನಾದ ‘ಹೈಬ್ರಿಡ್’ ನಮ್ಮ ಮನೆಗಳಿಗೆ ಬಂದಮೇಲೆ ಅಣ್ಣನ ಅಪಕೀರ್ತಿಯೆಲ್ಲ ಅದರ ಪಾಲಿಗೂ ಬಂತು. ಬೀದಿಯಲ್ಲಿ ತರಕಾರಿ ಗಾಡಿಯವನನ್ನು ನಿಲ್ಲಿಸಿ, “ನಾಟಿಯೇನಪ್ಪ, ಹೈಬ್ರಿಡ್ಡೋ?” ಎಂದು ನ್ಯಾಯಾಧೀಶರ ಗತ್ತಿನಲ್ಲಿ ಪ್ರಶ್ನಿಸದ ಗೃಹಸ್ಥರು ಇಂದು ವಿರಳ. ಹೈಬ್ರಿಡ್ ಎಂದು ಅವನು ಒಪ್ಪಿಕೊಂಡರೆ ಮುಖ ಸಿಂಡರಿಸುತ್ತಾರೆ. ಎರಡು ರೂಪಾಯಿ ಇಳಿಸಿ ಕೊಂಡೂ ಕೊಳ್ಳುತ್ತಾರೆ.

ಇದೇ ಮಹನೀಯರು ಮಗಳ ಮದುವೆಗೆ ಮಂಟಪ ಕಟ್ಟಿಸುವಾಗ ಏನು ಮಾಡುತ್ತಾರೆ? ಮಲ್ಲಿಗೆ, ಸೇವಂತಿಗೆ ಸಾಲವು. ನೇರಳೆ ಬಣ್ಣದ ಆರ್ಕಿಡ್ ಬೇಕೇ ಬೇಕು. ಬೆಂಗಳೂರಿನ ಕಲ್ಯಾಣಮಂಟಪಗಳ ಮಾತಿರಲಿ, ಬಸವಾಪಟ್ಟಣದಂಥ ಹೋಬಳಿ ಊರಿನ ಚಪ್ಪರಕ್ಕೂ ಈಗ ಆ ಹೂವು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಕೊಂಡು ಬರುತ್ತದೆ. ಅದರ ಹೆಸರು ಡೆಂಡ್ರೋಬಿಯಂ ಸೋನಿಯಾ. ಅಪ್ಪಟ ಬೆರಕೆ, ಬೆರಕೆಯ ಬೆರಕೆ. ತಳಿಗಾರರು ತಲೆಮಾರುಗಳ ಕಾಲ ಜಾತಿಗೆ ಜಾತಿ ಸೇರಿಸಿ ಪಡೆದ ಗಿಡ. ಇದರ ದೊಡ್ಡ ಪೇಟೆ ಥಾಯ್ಲೆಂಡು. ಕೆಲವು ಹೂವು ಅಲ್ಲಿಂದಲೇ ಬಂದುವು, ಕೆಲವು ನಮ್ಮ ನೆಲದಲ್ಲೇ ಬೆಳೆದುವು; ತಳಿ ಮಾತ್ರ ಪರರದು. ಹಣ ಕೊಟ್ಟು ಕೊಂಡಾಗ ಬೆರಕೆಯ ದೋಷ ಪರಿಹಾರವಾಗುತ್ತದೆಂದು ತೋರುತ್ತದೆ.

ಆದರೆ ಮನೆಯಲ್ಲೇ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಮಾತು ಬೇರೆಯಾಗುತ್ತದೆ. ಹಿತ್ತಲಿನಲ್ಲೋ ಮಹಡಿಯ ಮೇಲೋ ನಾಲ್ಕು ಆರ್ಕಿಡ್ ಕುಂಡಗಳನ್ನಿಟ್ಟುಕೊಂಡು, ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಹುಟ್ಟುವ ಸಸಿ ಹೇಗಿರುತ್ತದೋ ನೋಡೋಣ ಎಂದು ವರ್ಷಗಟ್ಟಲೆ ಕಾಯುವ ಹವ್ಯಾಸಿಗಳು ನಮ್ಮಲ್ಲಿ ಕೆಲವರಿದ್ದಾರೆ. ಅವರಿಗೆ ಮೂರು ಬಗೆಯ ಬುದ್ಧಿವಾದ ತಪ್ಪದೆ ಬರುತ್ತದೆ. ಒಂದು: ದೇವರು ಕೊಟ್ಟ ಹೂವು ಸಾಲದೆ, ಪ್ರಕೃತಿಯಲ್ಲಿ ಕೈಯಾಡಿಸುವುದೇಕೆ? ಎರಡು: ಇದು ಹೊಟ್ಟೆ ತುಂಬಿದವರ ಚಪಲ, ಪ್ರಯೋಗಶಾಲೆಯ ಕೆಲಸ, ನಮಗೇಕೆ? ಮೂರು: ಆರು ವರ್ಷ ಕಾದು ಒಂದು ಹೂವು ನೋಡುವ ಬದಲು ಅಂಗಡಿಯಲ್ಲಿ ಕೊಳ್ಳಬಾರದೆ?

ಈ ಮೂರು ಮಾತುಗಳಲ್ಲೂ ಹುರುಳಿಲ್ಲವೆಂಬುದು ನನ್ನ ವಾದ. ಅಷ್ಟೇ ಅಲ್ಲ, ಮನೆಯಲ್ಲಿ ಆರ್ಕಿಡ್ ಬೆರಸುವುದು ನಾವು ಬಿಟ್ಟುಕೊಡಬಾರದ ಒಂದು ಹಕ್ಕು. ಬಿಟ್ಟುಕೊಟ್ಟರೆ ಏನಾಗುತ್ತದೆಂಬುದು ಮದುವೆಯ ಮಂಟಪದಲ್ಲಿ ಆಗಲೇ ಕಾಣುತ್ತಿದೆ—ಕಾಣುತ್ತಿದೆಯೇ ಹೊರತು, ಮೂಗಿಗೆ ಮಾತ್ರ ಏನೂ ತಿಳಿಯುತ್ತಿಲ್ಲ.

ರಸಬಾಳೆಯ ಕುಲಗೋತ್ರ

ಮೊದಲು ಶುದ್ಧತೆಯ ಪ್ರಶ್ನೆ. ನಂಜನಗೂಡಿನ ರಸಬಾಳೆಗಿಂತ ನಾಟಿಯಾದ, ನಮ್ಮದಾದ ಹಣ್ಣು ಉಂಟೆ? ದೇವರ ಮುಂದೆ ಇಡುವ ಹಣ್ಣು ಅದು. ಅದರ ಕುಲಗೋತ್ರ ವಿಚಾರಿಸಿದರೆ ಸಸ್ಯಶಾಸ್ತ್ರ ಹೇಳುವುದಿಷ್ಟು: ಅದು ಎರಡು ಕಾಡುಬಾಳೆಗಳ ಸಂಕರ. ಮೂಸಾ ಅಕ್ಯುಮಿನೇಟ ಎಂಬುದರಿಂದ ಎರಡು ಪಾಲು, ಮೂಸಾ ಬಾಲ್ಬಿಸಿಯಾನ ಎಂಬುದರಿಂದ ಒಂದು ಪಾಲು. ಆ ಬೆರಕೆಯಿಂದಲೇ ಅದಕ್ಕೆ ಬೀಜ ಕಟ್ಟುವುದಿಲ್ಲ; ಕಂದು ಕಿತ್ತು ನೆಟ್ಟೇ ವಂಶ ಮುಂದುವರಿಯಬೇಕು. ಹೀಗಿರುವ ಹಣ್ಣನ್ನು ನೈವೇದ್ಯಕ್ಕಿಟ್ಟು ಕೈಮುಗಿದು, ಈಚೆ ಬಂದು ಬೆರಕೆಯನ್ನು ಹಳಿಯುವುದು ಯಾವ ನ್ಯಾಯ?

ರಾಗಿಯ ವಿಚಾರಕ್ಕೆ ಬನ್ನಿ. ಅದರ ತವರು ಆಫ್ರಿಕದ ಪೂರ್ವದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮ ಮುದ್ದೆಯಾಯಿತು. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು—ನಾಡು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆಯಿತು—ಇಲ್ಲಿಯ ರಾಗಿಗೆ ಆಫ್ರಿಕದ ರಾಗಿಯನ್ನು ಮತ್ತೆ ಕೂಡಿಸಿದರು. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಅದನ್ನು ಬಿಡಿಸಿ ಪರಾಗ ಮುಟ್ಟಿಸುವುದು ಆಗದ ಕೆಲಸವೆಂದೇ ಅನೇಕರು ಕೈಬಿಟ್ಟಿದ್ದರು. ಅವರು ಬಿಡಲಿಲ್ಲ. ೧೯೭೦ರ ದಶಕದಲ್ಲಿ ‘ಇಂಡಾಫ್’ ತಳಿಗಳು ಹೊರಬಂದುವು. ಹೆಸರಿನಲ್ಲೇ ಬೆರಕೆ ಇದೆ—ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಎಕರೆಗೆ ಬರುವ ಮೂಟೆ ಹೆಚ್ಚಿತು. ಆ ರಾಗಿಯ ಮುದ್ದೆ ನುಂಗಿ ಬೆಳೆದವರೇ ಇಂದು ‘ಶುದ್ಧ ನಾಟಿ’ಯ ಪ್ರವಚನ ಮಾಡುತ್ತಿದ್ದಾರೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ಎರಡು ಬೇರೆಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ಯನ್ನು ತಂದರು, ಅದರ ನೂಲನ್ನು ಉಟ್ಟವರಿಗೆ ಮೈಲಿಗೆಯಾದ ಸುದ್ದಿ ಇದುವರೆಗೆ ಬಂದಿಲ್ಲ. ಅಡಕೆಯಲ್ಲೂ ವಿಟ್ಲದ ಸಂಶೋಧಕರು ಗಿಡ್ಡ ತಳಿಗೆ ಎತ್ತರದ ತಳಿ ಸೇರಿಸಿ ಹೊಸ ಮರಗಳನ್ನು ಪಡೆದಿದ್ದಾರೆ. ಗಾಳಿಗೆ ಮುರಿಯದ, ಕೊಯ್ಯಲು ಏಣಿ ಹುಡುಕಬೇಕಾಗಿಲ್ಲದ ಮರ ಯಾರಿಗೆ ಬೇಡ?

ಇಷ್ಟು ದೂರವೇಕೆ? ನಮ್ಮ ಬಸವಾಪಟ್ಟಣದ ಸೀಮೆಯೇ ಒಂದು ಬೆರಕೆ. ಪಡುವಲಿಂದ ಮಲೆನಾಡು ಬಂದು ಇಲ್ಲಿ ಸಣ್ಣ ಗುಡ್ಡಗಳಾಗಿ ಕರಗುತ್ತದೆ. ಮೂಡಲಿಂದ ಬಯಲುಸೀಮೆ ಬಂದು ಸೂಳೆಕೆರೆಯ ಆಸುಪಾಸಿನಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಭದ್ರೆಯ ನಾಲೆ ಹರಿದ ಕಡೆ ಬತ್ತ, ಅಡಕೆ. ಹರಿಯದ ಕಡೆ ಜೋಳ. ಒಂದು ಕಾಲಕ್ಕೆ ಇಲ್ಲಿ ಕೋಟೆ ಕಟ್ಟಿಕೊಂಡು ಆಳಿದ ಪಾಳೆಯಗಾರರು ವಿಜಾಪುರದ ದಂಡಿಗೆ ಊರು ಬಿಟ್ಟುಕೊಟ್ಟು ತರೀಕೆರೆಗೆ ಹೋದರು. ಬಂದವರು, ಹೋದವರು, ಉಳಿದವರು ಎಲ್ಲರ ಮಾತೂ ಇಲ್ಲಿಯ ಕನ್ನಡದಲ್ಲಿ ಸೇರಿದೆ. ಇಂಥ ನೆಲದಲ್ಲಿ ಕುಳಿತು ಬೆರಕೆಯನ್ನು ಬೈಯುವುದು, ಕುಳಿತ ಕೊಂಬೆಯನ್ನು ಕಡಿದಂತೆ.

ಆರ್ಕಿಡ್‌ನ ವಿಚಾರದಲ್ಲಂತೂ ಪ್ರಕೃತಿಯೇ ದೊಡ್ಡ ಬೆರಕೆಗಾರ್ತಿ. ಬೇರೆ ಗಿಡಗಳಲ್ಲಿ ಎರಡು ಜಾತಿ ಕೂಡಿದರೆ ಹೆಚ್ಚುಕಡಮೆ ಅಲ್ಲಿಗೇ ನಿಲ್ಲುತ್ತದೆ. ಆರ್ಕಿಡ್ ಕುಟುಂಬದಲ್ಲಿ ಜಾತಿಯೂ ದಾಟುತ್ತದೆ, ಪಂಗಡವೂ ದಾಟುತ್ತದೆ. ಮೂರು ನಾಲ್ಕು ಪಂಗಡಗಳ ರಕ್ತ ಸೇರಿದ ಗಿಡವೂ ಹೂ ಬಿಟ್ಟು ಕಾಯಿ ಕಚ್ಚುತ್ತದೆ. ಈ ಕೆಲಸವನ್ನು ಮೊದಲು ಯಶಸ್ವಿಯಾಗಿ ಮಾಡಿದವನು ಇಂಗ್ಲೆಂಡಿನ ಎಕ್ಸಿಟರಿನಲ್ಲಿದ್ದ ಜಾನ್ ಡೊಮಿನಿ ಎಂಬ ತೋಟಗಾರ. ಅದನ್ನು ಮಾಡಿನೋಡೆಂದು ಅವನಿಗೆ ದಾರಿ ತೋರಿದವನು ಒಬ್ಬ ವೈದ್ಯ, ಜಾನ್ ಹ್ಯಾರಿಸ್. ೧೮೫೬ರಲ್ಲಿ ಡೊಮಿನಿಯ ಕಲಾಂತೆ ಹೂಬಿಟ್ಟಿತು. ಅದರ ತಂದೆತಾಯಿಯಾದ ಎರಡು ಜಾತಿಗಳೂ ನಮ್ಮ ದೇಶದ ಕಾಡುಗಳಲ್ಲಿ ಇರುವಂಥವೇ. ಆ ಹೂವನ್ನು ಕಂಡ ಲಿಂಡ್ಲೆ ಎಂಬ ದೊಡ್ಡ ಸಸ್ಯಶಾಸ್ತ್ರಜ್ಞ, ನೀವು ನಮ್ಮವರಿಗೆಲ್ಲ ಹುಚ್ಚು ಹಿಡಿಸುತ್ತೀರಿ ಎಂದನಂತೆ. ಹುಚ್ಚು ಹಿಡಿದುದೇನೋ ನಿಜ. ಅಂದಿನಿಂದ ಇಂದಿಗೆ ಹೆಸರು ಪಡೆದು ದಾಖಲಾದ ಆರ್ಕಿಡ್ ಸಂಕರಗಳು ಒಂದು ಲಕ್ಷವನ್ನು ಮೀರಿವೆ.

ಆರಿಸುವ ಕಣ್ಣು ಯಾರದು?

ಇಲ್ಲಿ ಒಬ್ಬ ಬುದ್ಧಿವಂತ ವಾಚಕರು ಎದ್ದುನಿಂತು ಹೇಳಬಹುದು: “ಸ್ವಾಮಿ, ಶಾಸ್ತ್ರ ಬೇಡ. ಹೈಬ್ರಿಡ್ ಟೊಮೆಟೊ ರುಚಿಯಿಲ್ಲ ಎಂಬುದು ನನ್ನ ನಾಲಗೆಗೆ ಗೊತ್ತು. ಅದಕ್ಕೇನು ಹೇಳುತ್ತೀರಿ?”

ಹೇಳುವುದಿದೆ. ಅವರ ನಾಲಗೆ ಸುಳ್ಳಾಡುತ್ತಿಲ್ಲ. ಆದರೆ ಅದು ಹಿಡಿದ ಕಳ್ಳ ಬೇರೆ. ಎರಡು ಗಿಡ ಕೂಡಿದಾಗ ನೂರು ಬಗೆಯ ಮಕ್ಕಳು ಹುಟ್ಟುತ್ತಾರೆ. ಕೆಲವಕ್ಕೆ ರುಚಿ, ಕೆಲವಕ್ಕೆ ಬಣ್ಣ, ಕೆಲವಕ್ಕೆ ದಪ್ಪ ಸಿಪ್ಪೆ. ಆ ನೂರರಲ್ಲಿ ಒಂದನ್ನು ಯಾರೋ ಒಬ್ಬರು ಆರಿಸುತ್ತಾರೆ. ಆರಿಸುವವನು ಲಾರಿಯಲ್ಲಿ ನೂರಾರು ಮೈಲಿ ಕಳಿಸುವ ವ್ಯಾಪಾರಿಯಾದರೆ ಅವನು ದಪ್ಪ ಸಿಪ್ಪೆಯದನ್ನೇ ಆರಿಸುತ್ತಾನೆ. ರುಚಿಯದನ್ನು ಎಸೆಯುತ್ತಾನೆ. ತಪ್ಪು ಬೆರಸಿದ್ದರಲ್ಲಿಲ್ಲ, ಆರಿಸಿದ್ದರಲ್ಲಿದೆ. ರಸಬಾಳೆಯನ್ನು ಆರಿಸಿದವರು ಅದನ್ನು ತಿನ್ನುವವರು. ಟೊಮೆಟೊವನ್ನು ಆರಿಸಿದವರು ಅದನ್ನು ಮಾರುವವರು.

ಆರ್ಕಿಡ್‌ಗೂ ಇದೇ ಗತಿ ಬಂದಿದೆ. ಪೆಟ್ಟಿಗೆಯಲ್ಲಿ ಮುದುಡದಿರಬೇಕು, ಹದಿನೈದು ದಿನ ಬಾಡದಿರಬೇಕು, ಎಲ್ಲ ಹೂವೂ ಒಂದೇ ಅಳತೆಯಿರಬೇಕು—ಇಷ್ಟು ಪೇಟೆಯ ಬೇಡಿಕೆ. ಪರಿಮಳ ಬೇಕೆಂದು ಪೆಟ್ಟಿಗೆ ಕೇಳುವುದಿಲ್ಲ. ಆದುದರಿಂದ ಮಂಟಪದ ಆರ್ಕಿಡ್‌ಗೆ ವಾಸನೆಯಿಲ್ಲ. ನರ್ಸರಿಯಲ್ಲಿ ಉಡುಗೊರೆಗೆಂದು ಮಾರುವ, ಪಾತರಗಿತ್ತಿಯಂಥ ದೊಡ್ಡ ಫೆಲನೋಪ್ಸಿಸ್ ಹೂವಿಗೂ ಸಾಮಾನ್ಯವಾಗಿ ಇಲ್ಲ. ಹೂವೆಂದರೆ ಮೊದಲು ಮೂಗಿನ ಬಳಿ ಹಿಡಿಯುವ ನಮ್ಮ ಜನ, ಮಲ್ಲಿಗೆ ಸಂಪಗೆ ಕೇದಗೆ ಸುರಗಿಗಳ ನಾಡಿನವರು, ವಾಸನೆಯಿಲ್ಲದ ಹೂವಿಗೆ ದುಡ್ಡು ಸುರಿದು ತೃಪ್ತರಾಗಿದ್ದೇವೆ.

ಈಗ ನಮ್ಮ ಸೀಮೆಯ ಹಳೆಯ ಮಾವಿನ ಮರದ ಕಡೆ, ಹುಣಸೆಯ ಮರದ ಕಡೆ ತಲೆಯೆತ್ತಿ ನೋಡಿ. ಕೊಂಬೆಯ ಮೇಲೆ ತೊಗಲಿನ ಪಟ್ಟಿಯಂಥ ಎಲೆಗಳು ಎರಡು ಸಾಲಾಗಿ ಜೋಡಿಸಿಕೊಂಡು, ಗಾಳಿಯಲ್ಲಿ ದಪ್ಪ ಬೇರು ಇಳಿಬಿಟ್ಟ ಗಿಡ ಕಂಡರೆ ಅದು ವಂದಾ ಟೆಸಲೇಟ. ಬೇಸಗೆಯಲ್ಲಿ ಹೂಬಿಡುತ್ತದೆ. ಹಸಿರು ಬೆರೆತ ಹಳದಿಯ ಮೇಲೆ ಕಂದು ಬಣ್ಣದ ಚೌಕುಳಿ. ನಡುವೆ ನೇರಳೆಯೋ ನೀಲಿಯೋ ಹೇಳಲಾಗದ ತುಟಿ. ಗಾತ್ರ ದೊಡ್ಡದಲ್ಲ, ಘಮ ದೊಡ್ಡದು. ಬರಡು ಬೇಸಗೆಯಲ್ಲಿ ನೀರಿಲ್ಲದೆ ಬದುಕುವ ಛಲ ಅದಕ್ಕಿದೆ. ಈ ಗುಣಗಳಿಗಾಗಿಯೇ ಪರದೇಶದ ತಳಿಗಾರರು ಅದನ್ನು ಕೊಂಡೊಯ್ದು ಎಷ್ಟೋ ಸಂಕರಗಳಿಗೆ ತಾಯಿತಂದೆಯಾಗಿ ಮಾಡಿಕೊಂಡಿದ್ದಾರೆ. ‘ವಂದಾ’ ಎಂಬ ಹೆಸರೂ ನಮ್ಮದೇ. ಸಂಸ್ಕೃತದಲ್ಲಿ ಅದು ಮರದ ಮೇಲೆ ಬೆಳೆಯುವ ಬಂದಳಿಕೆಗೆ ಹೇಳುವ ಮಾತು. ಹೆಸರು ನಮ್ಮದು, ಗಿಡ ನಮ್ಮದು, ಪರಿಮಳ ನಮ್ಮದು; ಮಕ್ಕಳು ಮಾತ್ರ ಅಂಗಡಿಯಿಂದ ಬರಬೇಕು!

ಈ ಗಿಡವನ್ನು ಕಂಡೊಡನೆ ‘ಬಂದಳಿಕೆ, ಮರವನ್ನು ಹೀರುತ್ತದೆ’ ಎಂದು ಕಿತ್ತು ಬಿಸಾಡುವವರೂ ಇದ್ದಾರೆ. ಬಂದಳಿಕೆ ಹೀರುತ್ತದೆ, ನಿಜ, ಆರ್ಕಿಡ್ ಹೀರುವುದಿಲ್ಲ. ತೊಗಟೆಯ ಮೇಲೆ ಕುಳಿತು, ಮಳೆ ಮಂಜಿನ ನೀರು ಕುಡಿದು, ಬಿದ್ದ ಕಸದ ಸಾರ ಉಂಡು ಬದುಕುತ್ತದೆ. ಮರ ಅದಕ್ಕೆ ಜಗುಲಿ ಕೊಟ್ಟಿದೆ, ಊಟ ಕೊಟ್ಟಿಲ್ಲ.

ಕುಕ್ಕರು, ಜಾಮಿನ ಸೀಸೆ, ಎಳನೀರು

ಎರಡನೆಯ ಆಕ್ಷೇಪ ಪ್ರಯೋಗಶಾಲೆಯದು. ಇದು ವಿದ್ವಾಂಸರ ಕೆಲಸವೆಂದು ಹೆದರಿಸುವವರು ಕೆಲಸವನ್ನು ನೋಡಿದವರಲ್ಲ.

ಬೇರೆ ಹೂವುಗಳಲ್ಲಿ ಪರಾಗ ಹುಡಿಯಾಗಿರುತ್ತದೆ. ಆರ್ಕಿಡ್‌ನಲ್ಲಿ ಅದು ಮೇಣದಂಥ ಸಣ್ಣ ಗುಂಡುಗಳಾಗಿ ಗಂಟುಕಟ್ಟಿರುತ್ತದೆ. ಹೂವಿನ ನಡುವಿನ ಕಂಬದ ತುದಿಯಲ್ಲಿ ಒಂದು ಟೋಪಿ; ಟೋಪಿಯ ಕೆಳಗೆ ಆ ಗುಂಡುಗಳು; ವಂದಾದಲ್ಲಾದರೆ ಎರಡು ಗುಂಡು, ಒಂದು ಕಡ್ಡಿ, ಕಡ್ಡಿಯ ಬುಡದಲ್ಲಿ ಅಂಟು. ಹಲ್ಲುಕಡ್ಡಿಯ ತುದಿಯನ್ನು ಅಲ್ಲಿಗೆ ಮುಟ್ಟಿಸಿದರೆ ಗುಂಡುಗಳು ಅಂಟಿಕೊಂಡು ಹೊರಬರುತ್ತವೆ. ತಾಯಿಯಾಗಬೇಕಾದ ಹೂವಿನ ಸ್ವಂತ ಪರಾಗವನ್ನು ಮೊದಲು ತೆಗೆದುಹಾಕಿ, ಕಂಬದ ಕೆಳಗಿನ ಅಂಟುಗುಳಿಯಲ್ಲಿ ಇವನ್ನು ಕೂರಿಸಬೇಕು. ಇಷ್ಟೇ. ಒಂದೆರಡು ದಿನದಲ್ಲಿ ಹೂವು ಸೊರಗುತ್ತದೆ, ತೊಟ್ಟು ಉಬ್ಬುತ್ತದೆ. ಕಾಯಿ ಬಲಿಯಲು ಜಾತಿಗೆ ತಕ್ಕಂತೆ ನಾಲ್ಕಾರು ತಿಂಗಳಿಂದ ವರ್ಷದವರೆಗೆ ಹಿಡಿಯುತ್ತದೆ. ಒಂದು ಕಾಯಲ್ಲಿ ಧೂಳಿನಂಥ ಬೀಜ, ಸಾವಿರವಲ್ಲ, ಹತ್ತಾರು ಸಾವಿರದಿಂದ ಲಕ್ಷಗಳವರೆಗೆ.

ತೊಡಕಿರುವುದು ಮುಂದೆ. ಆ ಬೀಜದಲ್ಲಿ ಮೊಳಕೆಗೆ ಬುತ್ತಿಯಿಲ್ಲ. ಕಾಡಿನಲ್ಲಿ ಒಂದು ಬಗೆಯ ಬೂಷ್ಟು ಒಳಹೊಕ್ಕು ಉಣಿಸಿದರೆ ಮಾತ್ರ ಚಿಗುರುತ್ತದೆ. ಇದನ್ನು ೧೮೯೯ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಹಿಡಿದ. ಬೂಷ್ಟಿನ ಬದಲು ಸಕ್ಕರೆ, ಲವಣ ಬೆರಸಿದ ಅಗರಿನ ಮೇಲೆ ಬಿತ್ತಿದರೂ ಸಾಕೆಂದು ೧೯೨೨ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ತೋರಿಸಿಕೊಟ್ಟ. ಅಗರು ಎಂದರೆ ನಮ್ಮ ಮನೆಯ ಹೆಂಗಸರು ‘ಚೀನಾ ಹುಲ್ಲು’ ಎಂದು ಸಿಹಿತಿಂಡಿಗೆ ಹಾಕುವ ಪದಾರ್ಥ. ಲವಣದ ಪುಡಿಯೊಂದನ್ನು ಹೊರಗಿನಿಂದ ತರಬೇಕು. ಉಳಿದುದೆಲ್ಲ ಅಡಿಗೆಮನೆಯಲ್ಲೇ ಇದೆ. ಸೀಸೆಗೆ ಜಾಮಿನ ಸೀಸೆ. ಕ್ರಿಮಿ ಕೊಲ್ಲುವುದಕ್ಕೆ ಪ್ರೆಷರ್ ಕುಕ್ಕರು, ಇಪ್ಪತ್ತು ನಿಮಿಷ. ಸಸಿಗೆ ಪುಷ್ಟಿಗೆ ಎಳನೀರು, ಕಳಿತ ಬಾಳೆಹಣ್ಣಿನ ಗೊಜ್ಜು. ಇವೆರಡನ್ನೂ ದೊಡ್ಡ ದೊಡ್ಡ ಪ್ರಯೋಗಶಾಲೆಗಳೇ ಬಳಸುತ್ತವೆ. ಒಡೆಯದ ಹಸಿರು ಕಾಯನ್ನು ಬ್ಲೀಚಿನಲ್ಲಿ ತೊಳೆದು, ಗಾಳಿಯಾಡದ ಪೆಟ್ಟಿಗೆಯೊಳಗೆ ಕೈ ತೂರಿಸಿ ಸೀಳಿ ಬಿತ್ತಬೇಕು. ಮಡಿ ಬೇಕು, ಅದು ನಿಜ. ಆದರೆ ಮಡಿಯ ಅಭ್ಯಾಸವಿಲ್ಲದ ದೇಶವೆ ನಮ್ಮದು? ಉಪ್ಪಿನಕಾಯಿಗೆ ಒದ್ದೆ ಚಮಚ ತಾಗಿದರೆ ಬೂಷ್ಟು ಬರುತ್ತದೆಂದು ಮನೆಮಂದಿಯನ್ನೆಲ್ಲ ಗದರುವ ಅಜ್ಜಿಗೆ ಈ ವಿದ್ಯೆಯ ಮುಕ್ಕಾಲು ಪಾಲು ಆಗಲೇ ಬಂದಿದೆ.

ಕೈಚಳಕದ ಮಾತಿಗೆ ಬಂದರೂ ನಮ್ಮವರು ಹಿಂದಿಲ್ಲ. ೨೦೦೦ದ ಆಸುಪಾಸಿನಲ್ಲಿ ಮಲೆನಾಡಿಗೆ ವೆನಿಲಾ ಜ್ವರ ಬಂದುದು ಯಾರಿಗೆ ಮರೆತಿದೆ? ವೆನಿಲಾ ಒಂದು ಆರ್ಕಿಡ್. ಅದರ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅದನ್ನು ಕೂಡಿಸುವ ಜೇನು ಇಲ್ಲಿಲ್ಲ, ಕೈಯಿಂದಲೇ ಆಗಬೇಕು. ಆ ಕೈಚಳಕವನ್ನು ೧೮೪೧ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಜಗತ್ತಿಗೆ ಕೊಟ್ಟವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಅವನು ತೋರಿದ ಹಾಗೆಯೇ ಸಿರ್ಸಿ, ಸಾಗರ, ತೀರ್ಥಹಳ್ಳಿಗಳ ಕಡೆ ಮನೆಮನೆಯ ಹೆಂಗಸರು ಮಕ್ಕಳು ಬೆಳಗಿನ ಕಾಫಿ ಮುಗಿಸಿ ಕಡ್ಡಿ ಹಿಡಿದು ತೋಟಕ್ಕಿಳಿದು ದಿನಕ್ಕೆ ನೂರಾರು ಹೂವು ಕೂಡಿಸಿದರು. ಬೆಲೆ ಏರಿತು, ೨೦೦೪ರ ಸುಮಾರಿಗೆ ನೆಲಕಚ್ಚಿತು, ಬಳ್ಳಿ ಕಿತ್ತೆಸೆದರು. ಬೆಲೆ ಹೋಯಿತು, ಸರಿ. ಕೈಗೆ ಬಂದ ವಿದ್ಯೆ ಎಲ್ಲಿ ಹೋಯಿತು? ಅದೇ ಬೆರಳುಗಳು ಇಂದು ವಂದಾವನ್ನು ಕೂಡಿಸಬಲ್ಲವು. ಹಣ ಬರುವಾಗ ಅದು ಕೃಷಿ, ಹಣವಿಲ್ಲದಾಗ ಅದು ಹುಚ್ಚು ಎಂದು ತೀರ್ಮಾನಿಸಿದವರು ಯಾರು?

ಮನೆಯ ಹಿತ್ತಲಿನಿಂದ ಏನು ಬರಬಹುದೆಂಬುದಕ್ಕೆ ಸಿಂಗಪುರವನ್ನು ನೋಡಿ. ಅಲ್ಲಿಯ ಆರ್ಮೇನಿಯನ್ ಮನೆತನದ ಆಗ್ನೆಸ್ ಜೋಕಿಂ ಎಂಬಾಕೆ ತನ್ನ ತೋಟದಲ್ಲಿ ಎರಡು ವಂದಾಗಳನ್ನು ಕೂಡಿಸಿದಳು. ಅದರಲ್ಲಿ ಒಂದು, ವಂದಾ ಟೆರೆಸ್, ನಮ್ಮ ಅಸ್ಸಾಮಿನ ಕಡೆಯ ಕಾಡಿನದು. ೧೮೯೩ರಲ್ಲಿ ಆ ಹೂವಿಗೆ ‘ವಂದಾ ಮಿಸ್ ಜೋಕಿಂ’ ಎಂದು ಹೆಸರಾಯಿತು. ೧೯೮೧ರಲ್ಲಿ ಅದು ಸಿಂಗಪುರದ ರಾಷ್ಟ್ರಪುಷ್ಪವಾಯಿತು. ಮಧ್ಯೆ ಕೆಲವು ವಿದ್ವಾಂಸರು, ಮನೆಯಲ್ಲಿದ್ದ ಹೆಂಗಸಿನ ಕೆಲಸ ಇದಾಗಿರಲಾರದು, ಜೇನು ಕೂಡಿಸಿದ್ದನ್ನು ಆಕೆ ಕಂಡಳಷ್ಟೆ ಎಂದು ವಾದ ಹೂಡಿದರು. ಆ ದೇಶದ ಸಂಸ್ಥೆಗಳು ಈಚೆಗೆ ಆಕೆಯೇ ಅದರ ಕರ್ತೃವೆಂದು ಒಪ್ಪಿವೆ. ‘ಇದು ನಮ್ಮಂಥವರ ಕೆಲಸವಲ್ಲ’ ಎಂದು ನಮಗೆ ನಾವೇ ಹೇಳಿಕೊಳ್ಳುವುದಕ್ಕೂ ಆ ವಿದ್ವಾಂಸರ ವಾದಕ್ಕೂ ಹೆಚ್ಚು ದೂರವಿಲ್ಲ.

ನಿಜವಾದ ಅಪರಾಧ

ಪ್ರಕೃತಿಯಲ್ಲಿ ಕೈಯಾಡಿಸಬಾರದೆಂಬ ಕಳಕಳಿಯಿದ್ದವರು ಆ ಕಳಕಳಿಯನ್ನು ಸರಿಯಾದ ಕಡೆ ತಿರುಗಿಸಲಿ. ವಾರದ ಕೊನೆಯಲ್ಲಿ ಕಾರು ಹತ್ತಿ ಆಗುಂಬೆ, ಚಾರ್ಮಾಡಿ, ಕೊಡಗು ಎಂದು ಹೋಗುವ ಸುಸಂಸ್ಕೃತರು ಬರುವಾಗ ಡಿಕ್ಕಿಯಲ್ಲಿ ಏನು ತರುತ್ತಾರೆ? ಮರದಿಂದ ಕಿತ್ತ ಸೀತಾಳೆ. ಮಲೆನಾಡಿನವರು ಸೀತೆಯ ದಂಡೆಯೆಂದು ಮುಡಿಯುವ ಆ ಹೂವು, ನರಿಯ ಬಾಲದಂತೆ ಜೋಲುವ ಆ ಗೊಂಚಲು, ಬೆಂಗಳೂರಿನ ಬಾಲ್ಕನಿಯಲ್ಲಿ ಒಂದು ಬೇಸಗೆ ಕಳೆಯುವುದರೊಳಗೆ ಒಣಗಿ ಕಸದ ಬುಟ್ಟಿಗೆ ಹೋಗುತ್ತದೆ. ಇವರಾರೂ ಬೆರಕೆ ಮಾಡಲಿಲ್ಲ, ‘ಶುದ್ಧ’ ಕಾಡು ಗಿಡವನ್ನೇ ತಂದರು, ಶುದ್ಧವಾಗಿಯೇ ಕೊಂದರು.

ಇದು ಹಳೆಯ ಚಟ. ೧೮೫೦ರಲ್ಲಿ ಖಾಸಿ ಬೆಟ್ಟಗಳಿಂದ ನೀಲಿ ವಂದಾವನ್ನು ಹುಕರ್ ಎಂಬ ಮಹಾವಿಜ್ಞಾನಿ ಏಳು ಆಳು ಹೊರುವಷ್ಟು ಕೀಳಿಸಿ ಇಂಗ್ಲೆಂಡಿಗೆ ಕಳಿಸಿದ; ಜೀವಸಹಿತ ತಲಪಿದ್ದು ಸ್ವಲ್ಪ. ಆಮೇಲೆ ಬೆನ್ನಹಿಂದೆ ವ್ಯಾಪಾರಿಗಳು ಬಂದರು. ಕೊನೆಗೆ ೧೯೯೧ರ ತಿದ್ದುಪಡಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ನೀಲಿ ವಂದಾವನ್ನು ರಕ್ಷಿಸಬೇಕಾಯಿತು. ಇತ್ತ, ೧೯೩೧ರಲ್ಲಿ ಅದೇ ನೀಲಿ ವಂದಾಕ್ಕೆ ಫಿಲಿಪೈನ್ಸಿನ ವಂದಾ ಸ್ಯಾಂಡರಿಯಾನವನ್ನು ಕೂಡಿಸಿ ‘ರಾತ್‌ಶೀಲ್ಡಿಯಾನ’ ಎಂಬ ಸಂಕರ ಬಂತು. ತಾಯಿಗಿಂತ ದುಂಡನೆಯ ಹೂವು, ಸಾಕುವುದೂ ಸುಲಭ. ಇಂದು ನೀಲಿ ವಂದಾ ಬೇಕೆನ್ನುವವರು ಕೊಳ್ಳುವುದು ಬಹುಮಟ್ಟಿಗೆ ಅದರ ಸಂತತಿಯನ್ನೇ. ಕಾಯಿದೆ ಹೇಳಿದ್ದನ್ನು ಬೆರಕೆ ನಡೆಸಿಕೊಟ್ಟಿತು: ಬೇಡಿಕೆಯನ್ನು ಬೆಟ್ಟದಿಂದ ಕುಂಡಕ್ಕೆ ತಿರುಗಿಸಿತು.

ಇನ್ನೂ ಒಂದು ವಿಷಯ ಗಮನಿಸಬೇಕು. ತಳಿ ಬೆರಸುವವನಿಗೆ ಗಿಡವೇ ಬೇಕಾಗಿಲ್ಲ. ಎರಡು ಕಣ ಪರಾಗ ಸಾಕು. ತನ್ನ ತೋಟದ ಮಾವಿನ ಮರದಲ್ಲಿ ಅರಳಿದ ವಂದಾದಿಂದ ಹಲ್ಲುಕಡ್ಡಿಯ ತುದಿಗೆ ಎರಡು ಗುಂಡು ತೆಗೆದುಕೊಂಡರೆ, ಗಿಡ ಮರದ ಮೇಲೇ ಉಳಿಯುತ್ತದೆ, ಮುಂದಿನ ವರ್ಷವೂ ಹೂಬಿಡುತ್ತದೆ. ಆ ಗುಂಡುಗಳನ್ನು ಒಣಗಿಸಿ ಕಾಗದದಲ್ಲಿ ಸುತ್ತಿ ಸೀಸೆಯಲ್ಲಿಟ್ಟು ಫ್ರಿಜ್ಜಿನೊಳಗೆ ತಿಂಗಳುಗಟ್ಟಲೆ ಕಾಪಾಡಬಹುದು. ಪ್ರಕೃತಿಯಿಂದ ಇದಕ್ಕಿಂತ ಕಡಮೆ ಕೇಳುವ ಹವ್ಯಾಸ ಯಾವುದಿದೆ?

ಬೆರಸುವವರ ಪರವಾಗಿ ಇಷ್ಟು ಹೇಳಿದಮೇಲೆ ಅವರಿಗೂ ಒಂದು ಮಾತು. ಬೆರಸಿದ್ದನ್ನು ಬರೆದಿಡದವನು ತಳಿಗಾರನಲ್ಲ, ಕಲಬೆರಕೆಗಾರ. ತಾಯಿಯ ಹೆಸರು ಮೊದಲು, ತಂದೆಯ ಹೆಸರು ಆಮೇಲೆ, ಕೂಡಿಸಿದ ದಿನ, ಕಾಯಿ ಕೊಯ್ದ ದಿನ—ಇಷ್ಟನ್ನು ಚೀಟಿಯಲ್ಲಿ ಬರೆದು ಕಟ್ಟದಿದ್ದರೆ ನಾಳೆ ಆ ಗಿಡ ಹೆತ್ತವರಿಲ್ಲದ ಗಿಡವಾಗುತ್ತದೆ. ಮನೆಯಲ್ಲಿ ಹುಟ್ಟಿದ ಸಂಕರವನ್ನು ಒಯ್ದು ಕಾಡಿನ ಮರಕ್ಕೆ ಕಟ್ಟಿ ‘ಪರಿಸರ ಸೇವೆ’ ಎನ್ನಬಾರದು. ಅದು ಕಾಡಿನ ವಂಶಾವಳಿಯಲ್ಲಿ ಸುಳ್ಳು ಬರೆದಂತೆ. ಕಾಡಿಗೆ ಹಿಂತಿರುಗಿಸಬೇಕೆಂಬ ಆಸೆಯಿದ್ದರೆ ಆ ಊರಿನ ಜಾತಿಯನ್ನೇ, ಅದರದೇ ಇನ್ನೊಂದು ಗಿಡದೊಡನೆ ಕೂಡಿಸಿ, ಅರಣ್ಯದವರನ್ನು ಕೇಳಿ ಮಾಡಲಿ. ಸಂಕರ ಕುಂಡದಲ್ಲಿರಲಿ, ಕಾಡು ಕಾಡಿನಲ್ಲಿರಲಿ. ಈ ಗೆರೆಯನ್ನು ಹವ್ಯಾಸಿಗಳು ತಾವೇ ಕಾಯ್ದುಕೊಂಡರೆ ಆಕ್ಷೇಪಿಸುವವರ ಬಾಯಿ ಅರ್ಧ ಮುಚ್ಚುತ್ತದೆ.

ಆಗಬೇಕಾದುದು

ಕಾಲ ಮೀರುತ್ತಿದೆ ಎಂಬುದೇ ಇದರಲ್ಲಿ ದೊಡ್ಡ ಮಾತು. ರಸ್ತೆ ಅಗಲವಾಗುತ್ತಿದೆ. ಯಾವ ಕಾಲದಲ್ಲೋ ನೆಟ್ಟ ಸಾಲುಮರ, ಮಾವು, ಹುಣಸೆ, ಆಲ, ಗರಗಸದ ಬಾಯಿಗೆ ಬೀಳುತ್ತಿವೆ. ಮರಕ್ಕೆ ಹರಾಜಿದೆ, ಅದರ ಮೇಲಿನ ಆರ್ಕಿಡ್‌ಗೆ ಲೆಕ್ಕವಿಲ್ಲ. ಸೌದೆಯ ಜತೆ ಅದೂ ಹೋಗುತ್ತದೆ. ಬಯಲುಸೀಮೆಯ ಬೇಸಗೆಯನ್ನು ತಡೆದುಕೊಂಡು ಬಂದ ಆ ಗಿಡಗಳಲ್ಲಿ ಒಂದೊಂದರ ಬಣ್ಣ, ಒಂದೊಂದರ ಘಮ ಬೇರೆ. ಹೋದರೆ ಯಾವ ಅಂಗಡಿಯೂ ಅದನ್ನು ತಿರುಗಿ ಕೊಡಲಾ‌ರದು. ಆದುದರಿಂದ ರಸ್ತೆಯವರು ಮರ ಕಡಿಯುವ ಮೊದಲು ಅದರ ಮೇಲಿನ ಗಿಡಗಳನ್ನು ಇಳಿಸಿ ಪಕ್ಕದ ಮರಗಳಿಗೆ, ಶಾಲೆಯ ಅಂಗಳದ ಮರಗಳಿಗೆ ಕಟ್ಟಿಸುವುದು ಕಡ್ಡಾಯವಾಗಲಿ. ತೆಂಗಿನ ನಾರು, ಹಗ್ಗ, ಅರ್ಧ ದಿನದ ಕೂಲಿ—ಇಷ್ಟರ ಖರ್ಚು.

ಎರಡನೆಯದಾಗಿ, ಮನೆಯವರು ತಂದ ಕಾಯನ್ನು ಬಿತ್ತಿ ಸಸಿ ಮಾಡಿಕೊಡುವ ಏರ್ಪಾಡು ಜಿಲ್ಲೆಗೊಂದಾದರೂ ಇರಲಿ. ಬಾಗಲಕೋಟೆಯಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವಿದೆ. ಶಿವಮೊಗ್ಗದಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅಂಗಾಂಶ ಕೃಷಿಯ ಪಾಠ ಹೇಳುವ ಕಾಲೇಜುಗಳಿಗೆ ಕೊರತೆಯಿಲ್ಲ. ವಿದ್ಯಾರ್ಥಿಗಳಿಗೆ ಅಭ್ಯಾಸವಾಗುತ್ತದೆ, ಹವ್ಯಾಸಿಗೆ ಕುಕ್ಕರಿನ ಕಷ್ಟ ತಪ್ಪುತ್ತದೆ. ನ್ಯಾಯವಾದ ಶುಲ್ಕ ಪಡೆಯಲಿ.

ಮೂರನೆಯದು, ಫಲಪುಷ್ಪ ಪ್ರದರ್ಶನಗಳ ಮಾತು. ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಬಾರಿ ಲಕ್ಷಾಂತರ ಜನ ಸೇರುತ್ತಾರೆ. ಹೂವಿನಲ್ಲಿ ಕಟ್ಟಿದ ಗೋಪುರ, ಮಂದಿರ ನೋಡಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಬಾಡುವ ಹೂವಿನ ಗೋಪುರಕ್ಕಿರುವ ಜಾಗದಲ್ಲಿ ಒಂದು ಮೂಲೆಯಾದರೂ ಮನೆಯಲ್ಲಿ ಹುಟ್ಟಿದ ಹೊಸ ತಳಿಗಳಿಗೆ ಮೀಸಲಾಗಲಿ. ಬಹುಮಾನ ಗಾತ್ರಕ್ಕಲ್ಲ, ಪರಿಮಳಕ್ಕೆ ಎಂದು ಫಲಕ ಹಾಕಲಿ. ಆಗ ಆರಿಸುವ ಕಣ್ಣು ಪೆಟ್ಟಿಗೆಯದಾಗಿ ಉಳಿಯುವುದಿಲ್ಲ.

ಇನ್ನು ಹೆಸರಿನ ವಿಚಾರ. ಆರ್ಕಿಡ್ ಸಂಕರಗಳ ಪಟ್ಟಿಯನ್ನು ೧೯೦೬ರಿಂದ ಸ್ಯಾಂಡರ್ ಎಂಬ ವ್ಯಾಪಾರಿಯ ಮನೆ ಅಚ್ಚುಹಾಕುತ್ತಿತ್ತು. ೧೯೬೧ರಿಂದ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅದನ್ನು ನಡೆಸುತ್ತಿದೆ. ಅಲ್ಲಿ ದಾಖಲು ಮಾಡಿಸಲು ಪದವಿ ಬೇಕಾಗಿಲ್ಲ. ಹೊಸ ಕೂಡಿಕೆಯೊಂದು ಹೂಬಿಟ್ಟರೆ ಅದನ್ನು ಪಡೆದವನು ಅರ್ಜಿ ಹಾಕಿ ತನಗಿಷ್ಟವಾದ ಹೆಸರಿಡಬಹುದು. ರಾಣಿಯರ, ಸೇನಾಪತಿಗಳ, ಕೋಟ್ಯಧೀಶರ ಹೆಸರುಗಳಿಂದ ಆ ಪಟ್ಟಿ ತುಂಬಿದೆ. ಅದರಲ್ಲಿ ಬಸವಾಪಟ್ಟಣ ಎಂದೊಂದು ಹೆಸರು ಬರೆಸುವುದಕ್ಕೆ ಯಾರ ಅಪ್ಪಣೆ ಬೇಕು?

ಉಳಿದದ್ದು ಮೂರನೆಯ ಬುದ್ಧಿವಾದ: ಅಷ್ಟು ವರ್ಷ ಯಾರು ಕಾಯುತ್ತಾರೆ? ಫೆಲನೋಪ್ಸಿಸ್, ಡೆಂಡ್ರೋಬಿಯಂಗಳಿಗೆ ಬಿತ್ತಿದಮೇಲೆ ಮೂರು ವರ್ಷ. ವಂದಾಕ್ಕೆ ಐದು, ಆರು, ಏಳು. ಸುಳ್ಳು ಹೇಳುವುದಿಲ್ಲ, ದೀರ್ಘವೇ. ಆದರೆ ಈ ಪ್ರಶ್ನೆಯನ್ನು ಚನ್ನಗಿರಿ ಸೀಮೆಯಲ್ಲಿ ನಿಂತು ಕೇಳಬಾರದು. ಇಲ್ಲಿ ಪ್ರತಿ ಊರಿನಲ್ಲೂ ಅಡಕೆ ಸಸಿ ನೆಟ್ಟು, ಬಾಳೆಯ ನೆರಳು ಕೊಟ್ಟು, ನೀರು ಹಾಯಿಸಿ, ಮೊದಲ ಸಿಂಗಾರ ಕಾಣಲು ಐದಾರು ವರ್ಷ ಕಾಯುವವರಿದ್ದಾರೆ. ಅವರನ್ನು ಯಾರೂ ಹುಚ್ಚರೆಂದು ಕರೆಯುವುದಿಲ್ಲ. ಮಗಳು ಹುಟ್ಟಿದ ವರ್ಷ ನೆಟ್ಟ ತೋಟ ಅವಳ ಮದುವೆಗೆ ಒದಗಲಿ ಎಂದು ಲೆಕ್ಕ ಹಾಕುವ ತಂದೆ, ಅದೇ ತೋಟದ ನೆರಳಿನಲ್ಲಿ ನಾಲ್ಕು ಕುಂಡ ಇಟ್ಟರೆ ಅವಳ ಮಂಟಪದ ಹೂವಿಗೂ ಪೆಟ್ಟಿಗೆಯ ದಾರಿ ಕಾಯಬೇಕಾಗಿಲ್ಲ. ಆ ಹೂವು ಸೋನಿಯಾದಷ್ಟು ಒಪ್ಪವಾಗಿರದೆ ಹೋಗಬಹುದು. ಒಂದು ದಳ ಸೊಟ್ಟಗಿರಬಹುದು. ಆದರೆ ಬಂದ ಬೀಗರು ಅದನ್ನು ಮೂಗಿನ ಹತ್ತಿರ ಹಿಡಿದು, ಇದು ಯಾವ ಹೂವು ಎಂದು ಕೇಳುತ್ತಾರೆ. ಆಗ, ‘ಬೆರಕೆ, ನಮ್ಮ ಮನೆಯದು’ ಎಂದು ಹೇಳಲು ನಾಚಿಕೆಪಡಬೇಕಾದುದೇನೂ ಇಲ್ಲ.